ಫೋನ್ ತಂತಿ ನೆಟ್ಟೋ, ಕೇಬಲ್ ನೆಟ್ಟೋ? ಲೈನ್ ಟೆಕ್ನಿಷಿಯನ್ ಅವರನ್ನು ಕೇಳಿ (ಕಲಬುರಗಿ ಗುಂಪು)

ಆಳಂದ ರಸ್ತೆ: ಅಣ್ಣಾರೆ, ಫೋನ್ ತಂತಿಯ ಡಿಎಸ್‌ಎಲ್ ನೆಟ್ ತಗೊಳ್ಳಲಾ, ಟಿವಿ ಕೇಬಲ್ ನೆಟ್ ತಗೊಳ್ಳಲಾ?

ಟೆಕ್ನಿಷಿಯನ್: ಮೊದಲು ಟೆಲಿಫೋನ್ ಎಕ್ಸ್‌ಚೇಂಜ್ ನಿಮ್ಮ ಮನೆಯಿಂದ ಎಷ್ಟು ದೂರ ಅಂತ ಕೇಳಿಕೊಳ್ಳಿ. ಡಿಎಸ್‌ಎಲ್‌ನಲ್ಲೇ ಒಂದು ಬಗೆಯಾದ ಎಡಿಎಸ್‌ಎಲ್2+ ಹೆಚ್ಚೆಂದರೆ 24 ಎಂಬಿಪಿಎಸ್, ಅದೂ ಹತ್ತಿರವಿದ್ದರೆ. ನಾಲ್ಕೈದು ಕಿಲೋಮೀಟರ್ ತಾಮ್ರದ ತಂತಿ ದಾಟಿದರೆ ಕೆಲವೇ ಎಂಬಿಪಿಎಸ್ ಉಳಿಯುತ್ತದೆ. ಕೇಬಲ್‌ನಲ್ಲಿ ಸ್ಪೀಡ್ ಜಾಸ್ತಿ, ಆದರೆ ಒಂದೇ ಲೈನನ್ನು ಓಣಿಯವರೆಲ್ಲ ಹಂಚಿಕೊಳ್ಳಬೇಕು.

ಜೇವರ್ಗಿ ರಸ್ತೆ: ನಮ್ಮದು ಕೇಬಲ್. ರಾತ್ರಿ ಊಟದ ಹೊತ್ತಿಗೆ ವಿಡಿಯೋ ನಿಂತು ನಿಂತು ಓಡುತ್ತದೆ.

ಟೆಕ್ನಿಷಿಯನ್: ಮೇಲೆ ಬರೆದಿದ್ದೇನಲ್ಲ, ಒಂದೇ ಲೈನನ್ನು ಓಣಿಯವರೆಲ್ಲ ಹಂಚಿಕೊಳ್ಳುವುದರಿಂದ ಹಾಗೆ.

ಶಹಾಬಾದ್: ಸರ್, ಮಳೆ ಬಂದರೆ ನಮ್ಮ ಡಿಎಸ್‌ಎಲ್ ಕಟ್ ಆಗುತ್ತದೆ. ಫೋನಲ್ಲೂ ಚರಚರ ಸದ್ದು. ಗೋಡೆ ಪೆಟ್ಟಿಗೆಯ ಅರ್ಥ್ ವೈರ್ ಬಿಚ್ಚಿದರೆ ಸರಿಹೋಗುತ್ತದೆ ಅಂತ ಮೆಸೇಜ್ ಬಂದಿದೆ. ಬಿಚ್ಚಲಾ?

ಟೆಕ್ನಿಷಿಯನ್: ಬೇಡವೇ ಬೇಡ! ಸಿಡಿಲಿನ ಕರೆಂಟ್ ತಂತಿಯಲ್ಲಿ ಬಂದರೆ ನೆಲಕ್ಕೆ ಇಳಿಸುವುದೇ ಆ ವೈರ್. ಅದಿಲ್ಲದಿದ್ದರೆ ಮೋಡೆಮ್ ಸುಡಬಹುದು, ರಿಸೀವರ್ ಹಿಡಿದವರಿಗೂ ಅಪಾಯ. ಇಂಥದ್ದನ್ನು ಯಾರು ಕಳಿಸುತ್ತಾರೋ! ನಿಮ್ಮ ಸದ್ದು ನೀರು ಹೊಕ್ಕ ಜಾಯಿಂಟಿನದು ಅನ್ನಿಸುತ್ತಿದೆ. ಮೋಡೆಮ್, ಸ್ಪ್ಲಿಟರ್ (ಫೋನ್ ಮತ್ತು ನೆಟ್ ಬೇರ್ಪಡಿಸುವ ಚಿಕ್ಕ ಡಬ್ಬಿ) ಎಲ್ಲ ತೆಗೆದು, ತಂತಿ ಮನೆಗೆ ಬರುವ ಮೊದಲ ಸಾಕೆಟ್ಟಿಗೆ ಫೋನ್ ಮಾತ್ರ ಹಾಕಿ ಕೇಳಿ. ಗುಡುಗುವಾಗ ಮಾತ್ರ ಮುಟ್ಟಬೇಡಿ. ಫೋನ್ ಮಾತ್ರ ಹಾಕಿದಾಗಲೂ ಸದ್ದಿದ್ದರೆ ದೋಷ ಬಹುತೇಕ ಹೊರಗಿನ ಲೈನಿನದು. ಸದ್ದು ಹೋದರೆ ಮನೆಯೊಳಗಿನ ವೈರಿಂಗೋ ಸ್ಪ್ಲಿಟರ್ರೋ. ಮೋಡೆಮ್‌ನ ಸೆಟ್ಟಿಂಗ್ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲ ತಡೆದುಕೊಳ್ಳಲು ಸಿಗ್ನಲ್‌ಗೆ ಉಳಿದಿರುವ ಅಂತರ, ಡಿಬಿ ಲೆಕ್ಕದಲ್ಲಿ) ನೋಡಿ. 6 ಡಿಬಿಗಿಂತ ಕೆಳಗೆ ಬಂದರೆ ಲೈನ್ ನಿಲ್ಲುವುದು ಕಷ್ಟ.

ಸೂಪರ್ ಮಾರ್ಕೆಟ್: ರೌಟರ್ ಹಿಂದೆ ಅಡುಗೆ ಫಾಯಿಲ್ ಇಟ್ಟರೆ ಸ್ಪೀಡ್ ಡಬಲ್ ಅಂತೆ.

ಟೆಕ್ನಿಷಿಯನ್: ಆಗಲ್ಲ. ಫಾಯಿಲ್ ವೈಫೈ ದಿಕ್ಕು ಬದಲಿಸಬಹುದು, ತಂತಿಯ ಸ್ಪೀಡನ್ನಲ್ಲ. ಫಾರ್ವರ್ಡ್ ಸಾಕು ಮಾಡಿ.

ಜೇವರ್ಗಿ ರಸ್ತೆ: ಡಿಎಸ್‌ಎಲ್ ಹಳೇ ಕಾಲದ್ದು, ಬಿಟ್ಟುಬಿಡಿ.

ಆಳಂದ ರಸ್ತೆ: ಕರೆಂಟ್ ಹೋದರೆ ನಿಮ್ಮ ಕೇಬಲ್ಲೂ ಸತ್ತುಹೋಗುತ್ತದಲ್ಲ?

ಜೇವರ್ಗಿ ರಸ್ತೆ: ನಿಮ್ಮ ಮೋಡೆಮ್‌ಗೆ ಕರೆಂಟ್ ಬೇಡ್ವಾ? ಸುಮ್ನೆ ವಾದ ಮಾಡಬೇಡಿ.

ಟೆಕ್ನಿಷಿಯನ್: ಮೋಡೆಮ್‌ಗೆ ಎರಡರಲ್ಲೂ ಕರೆಂಟ್ ಬೇಕು. ಕೇಬಲ್‌ನಲ್ಲಿ ದಾರಿಯಲ್ಲಿ ಸಿಗ್ನಲ್ ಬಲಪಡಿಸುವ ಆಂಪ್ಲಿಫೈಯರ್‌ಗೂ ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಆ ಆಂಪ್ಲಿಫೈಯರ್‌ಗೆ ಬ್ಯಾಕಪ್ ಇಲ್ಲದಿದ್ದರೆ ನೆಟ್ ಹೋಗುತ್ತದೆ. ಜಗಳ ನಿಲ್ಲಿಸಿ.

ಆಳಂದ ರಸ್ತೆ: ಸರಿ, ಕೊನೆಗೆ ಯಾವುದು ಒಳ್ಳೇದು?

ಟೆಕ್ನಿಷಿಯನ್: ಎಕ್ಸ್‌ಚೇಂಜ್ ಎಷ್ಟು ದೂರ ಅಂತ ಕೇಳಿಕೊಳ್ಳಿ ಅಂದಿದ್ದೆ. ನೀವು ಹೇಳಲೇ ಇಲ್ಲ.

ಶಹಾಬಾದ್: ಸರ್, ಫೋನ್ ಮಾತ್ರ ಹಾಕಿದರೂ ಸದ್ದು ಬರುತ್ತಿದೆ.

ಟೆಕ್ನಿಷಿಯನ್: ಹಾಗಾದರೆ ಬಹುತೇಕ ಹೊರಗಿನ ಲೈನೇ. ನೆಟ್ ನಿಧಾನ ಅಂತ ದೂರು ಕೊಡಬೇಡಿ, ಫೋನಲ್ಲಿ ಸದ್ದು ಬರುತ್ತಿದೆ ಅಂತ ಬರೆಸಿ. ಲೈನ್‌ಮನ್ ಬಂದಾಗ ಕಂಬದ ಜಾಯಿಂಟ್ ಬಿಚ್ಚಿ ನೋಡಲು ಹೇಳಿ. ತಂತಿ ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸದಾಗಿ ಜೋಡಿಸಬೇಕು. ಅರ್ಥ್ ವೈರ್ ಮುಟ್ಟಿಲ್ಲ ತಾನೇ?