‘ಧರ್ಮಸಾಲೆ’ ಎಂದರೆ ಮಸೀದಿಯೇ?

ಪ್ರಶ್ನೆ: ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ‘ಧರ್ಮಸಾಲೆ’ ಕಟ್ಟಿಸಿದನೆಂದು ವಿಜಯನಗರದ 1439ರ ಕನ್ನಡ ಶಾಸನ ಹೇಳುತ್ತದೆ. ನಿಘಂಟು ತೆರೆದರೆ ಛತ್ರ, ದಾರಿಹೋಕರು ತಂಗುವ ಮನೆ ಎಂದಷ್ಟೇ ಇದೆ. ಆದರೆ ಆ ಕಟ್ಟಡವನ್ನು ಮಸೀದಿ ಎನ್ನುತ್ತಾರೆ. ಪದಕ್ಕೆ ಆ ಅರ್ಥವೂ ಉಂಟೇ, ಇಲ್ಲ ಕಟ್ಟಡ ಗುರುತಿಸಿದವರು ಎಡವಿದರೇ?

ಉತ್ತರ: ಅವರು ಎಡವಿಲ್ಲ. ಹಾಗೆಂದು ‘ಮಸೀದಿ’ ಎಂಬ ಅರ್ಥವನ್ನು ನಿಘಂಟಿಗೆ ಸೇರಿಸಲೂ ಹೋಗಬೇಡಿ.

ಕಟ್ಟಡ ನೋಡಿದವರಿಗೆ ಗೊಂದಲವಾಗುವುದು ಸಹಜ. ಗುಮ್ಮಟವಿಲ್ಲ, ಮಿನಾರಿಲ್ಲ; ಗುಡಿಯ ಮಂಟಪದಂತೆ ಕಲ್ಲುಕಂಬಗಳ ಮೇಲೆ ಚಪ್ಪಟೆ ಮಾಡು, ಮುಂಭಾಗ ಮೂಡಣಕ್ಕೆ ತೆರೆದಿದೆ. ಗುಟ್ಟೆಲ್ಲ ಪಡುವಣ ಗೋಡೆಯಲ್ಲಿದೆ: ಅಲ್ಲಿ ನಮಾಜಿನ ದಿಕ್ಕು ತೋರುವ ಮಿಹ್ರಾಬಿನ ಗೂಡು. ಪಕ್ಕದಲ್ಲೇ ಗುಮ್ಮಟವಿರುವ ಗೋರಿ. ಬಳಕೆ ಮಸೀದಿಯದೇ ಎನ್ನಲು ಇಷ್ಟು ಸಾಕು.

ಇನ್ನು ಪದ. ‘ಸಾಲೆ’ ಎಂಬುದು ಶಾಲೆಯ ತದ್ಭವ, ತಕರಾರಿಲ್ಲ. ತೊಡಕು ‘ಧರ್ಮ’ದಲ್ಲಿ. ಇಲ್ಲಿ ಅದನ್ನು ಇಂದಿನ ‘ಮತ’ ಎಂಬ ಅರ್ಥದಲ್ಲಿ ಓದಿದರೆ ಕೆಟ್ಟಿತು. ‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಗಾದೆಯಲ್ಲಿರುವ ಧರ್ಮವೇ ಇದು: ಪುಣ್ಯಕ್ಕೆಂದು ಕೊಟ್ಟದ್ದು. ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಶಾಸನ ಹೇಳುವುದರಿಂದ ಪದ ಸರಿಯಾಗಿಯೇ ಕೂರುತ್ತದೆ. ಛತ್ರವಾಗಲಿ ಮಸೀದಿಯಾಗಲಿ, ಧರ್ಮಕ್ಕೆ ಬಿಟ್ಟ ಮನೆ ಧರ್ಮಸಾಲೆ. ನಿಘಂಟು ಕೊಡುವುದು ಅದರ ಹೆಚ್ಚು ಬಳಕೆಯ ಒಂದು ಬಗೆಯನ್ನು ಮಾತ್ರ.

ಇದಕ್ಕೆ ಹಳೆಯ ಜೊತೆಗಾರ ಗುಜರಾತಿನ ವೇರಾವಳದಲ್ಲಿದೆ. ಪರ್ಷಿಯನ್ ಕೊಲ್ಲಿಯ ಬಂದರು ಹೊರ್ಮುಜಿನ ಹಡಗಿನೊಡೆಯ ನೂರುದ್ದೀನ್ ಫಿರೋಜ್ 1264ರಲ್ಲಿ ಅಲ್ಲೇ ಪಕ್ಕದ ಸೋಮನಾಥದಲ್ಲಿ ಮಸೀದಿ ಕಟ್ಟಿಸಿದಾಗ ಸಂಸ್ಕೃತದಲ್ಲೂ ಅರಬ್ಬಿಯಲ್ಲೂ ಶಾಸನ ಹಾಕಿಸಿದ. ಸಂಸ್ಕೃತ ಪಾಠದಲ್ಲಿ ಮಸೀದಿ ‘ಮಿಜಿಗಿತಿ’ಯೂ (ಅರಬ್ಬಿಯ ‘ಮಸ್ಜಿದ್’ ತಾಳಿದ ರೂಪ) ಹೌದು, ‘ಧರ್ಮಸ್ಥಾನ’ವೂ ಹೌದು, ಅಲ್ಲಾಹನು ವಿಶ್ವನಾಥ, ಶೂನ್ಯರೂಪ, ವಿಶ್ವರೂಪ. ಕಾಲವನ್ನು ನಾಲ್ಕು ಲೆಕ್ಕದಲ್ಲಿ ಕೊಟ್ಟಿದೆ: ಹಿಜರಿ 662, ವಿಕ್ರಮ 1320, ವಲಭಿ 945, ಸಿಂಹ 151. ಹಿಜರಿಗೆ ಅಲ್ಲಿನ ಹೆಸರು ‘ರಸೂಲ ಮಹಮ್ಮದ ಸಂವತ್’! ಹೊರಗಿನ ಪದದ ಉಲಿಯನ್ನು, ಎಂದರೆ ಸದ್ದನ್ನು, ತಂದದ್ದು (ಮಿಜಿಗಿತಿ), ಹುರುಳನ್ನು, ಎಂದರೆ ಅರ್ಥವನ್ನು, ತಂದದ್ದು (ಧರ್ಮಸ್ಥಾನ) ಎರಡೂ ಒಂದೇ ಕಲ್ಲಿನಲ್ಲಿ ಸಿಗುವುದು ಅಪರೂಪ.

ಮರುಪ್ರಶ್ನೆ: ವಿಜಯನಗರದ ಅರಸರ ಬಿರುದು ‘ಹಿಂದೂರಾಯ ಸುರತ್ರಾಣ’ ಇವೆರಡರಲ್ಲಿ ಯಾವ ಬಗೆ? ‘ಸುರರನ್ನು ಕಾಯುವವ’ ಎಂದು ಬಿಡಿಸಿದ್ದನ್ನು ಓದಿದ್ದೆ.

ಉತ್ತರ: ಅದು ಉಲಿಯ ಬಗೆ. ಬಂದದ್ದು ‘ಸುಲ್ತಾನ್’, ಸಂಸ್ಕೃತದ ಪೋಷಾಕು ಹಾಕಿದ ಮೇಲೆ ಒಂದು ವಿಗ್ರಹವಾಕ್ಯವೂ ಉಚಿತವಾಗಿ ಸಿಕ್ಕಿತು. ಆ ಶ್ಲೇಷೆ ಕವಿಗೆ ಖುಷಿ ಕೊಟ್ಟಿರಬಹುದು, ಪದದ ನಿಜವಾದ ಮೂಲವೆಂದು ನಂಬಬೇಡಿ. ಸಮಾಸವನ್ನು ‘ಹಿಂದೂ ರಾಯರೊಳಗೆ ಸುಲ್ತಾನ’ ಎಂದು ಬಿಡಿಸುವುದು ಮೇಲು. ‘ಸುಲ್ತಾನರನ್ನು ಸದೆಬಡಿದವ’ ಎಂದು ಬರೆಯುವವರೂ ಇದ್ದಾರೆ. ಆ ಅರ್ಥಕ್ಕೆ ‘ಮೂರುರಾಯರ ಗಂಡ’ ಎಂಬ ಬಿರುದಿನಲ್ಲಿರುವಂತೆ ‘ಗಂಡ’ (ಗೆದ್ದ ವೀರ) ಬೇಕಿತ್ತು, ಇಲ್ಲಿ ಅದಿಲ್ಲ. ರಾಯರು ಎದುರಾಳಿಯ ಪದವಿಯನ್ನೇ ಹೆಮ್ಮೆಯಿಂದ ತೊಟ್ಟರು. ಇಲ್ಲಿನ ‘ಹಿಂದೂ’ ಕೂಡ ಇಂದಿನಷ್ಟು ಮತಸೂಚಕವಲ್ಲ, ನಾಡು-ಜನರ ಕಡೆಗೇ ಹೆಚ್ಚು ವಾಲುತ್ತದೆ.

ಮೂರನೆಯ ಬಗೆಯೂ ಒಂದುಂಟು: ಇದ್ದ ಪದವನ್ನೇ ಹಂಚಿಕೊಳ್ಳುವುದು. ಹಿಂದೆ ಜೈನ, ಬೌದ್ಧ ನೆಲೆಗಳಿಗೆ ಸಲ್ಲುತ್ತಿದ್ದ ‘ಪಳ್ಳಿ’ ಮಲಯಾಳದಲ್ಲಿ ಮಸೀದಿಗೂ ಇಗರ್ಜಿಗೂ ನಿಂತಿತು. ನಮ್ಮ ಕರಾವಳಿಯಲ್ಲಿ ಇಂದಿಗೂ ಮಸೀದಿಯೆಂದರೆ ಪಳ್ಳಿಯೇ.