ಓದುಗರ ಸ್ಪಂದನ: ಕೊನೆಯ ಚಾಪೆಯ ಹೊಸಬರು

ಕಳೆದ ಸಂಚಿಕೆಯ ಸಮಸ್ಯೆ: "ನಮ್ಮ ಹಳ್ಳಿಯ ಕ್ರೈಸ್ತ ಸಭೆಯಲ್ಲಿ ಮೂವತ್ತಾರು ಮನೆಗಳಿವೆ. ಈ ಸಲದ ಈಸ್ಟರ್ ಹಬ್ಬದಂದು ಒಂದೇ ಮನೆಯ ನಾಲ್ವರು ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದರು. ಅಂದು ಎಲ್ಲರೂ ಕೈಕುಲುಕಿದ್ದೇ ಕುಲುಕಿದ್ದು. ಆರು ತಿಂಗಳಾಯಿತು, ಅವರು ಇಂದಿಗೂ ಬಾಗಿಲ ಬಳಿಯ ಕೊನೆಯ ಚಾಪೆಯಲ್ಲೇ ಕೂರುತ್ತಾರೆ. ಹಳೆಯ ಮನೆತನದವರ ಬಾಯಲ್ಲಿ ಅವರಿಗೆ 'ಹೊಸಬರು' ಎಂಬುದೇ ಹೆಸರು. ಎರಡು ವಾರದಿಂದ ಆರಾಧನೆಗೂ ಬಂದಿಲ್ಲ. ಸಭಾಪಾಲಕರಿಗೆ ಐದು ಹಳ್ಳಿಗಳ ಹೊಣೆ. ಸಭಾ ಸಮಿತಿಯಲ್ಲಿ ನಾನೇ ಕಿರಿಯಳು. ಏನು ಮಾಡಲಿ?"
– ಹೆಸರು ಬೇಡ, ಹಾವೇರಿ ಜಿಲ್ಲೆ

*

ಮಗಳೇ, ನಿನ್ನ ಪತ್ರ ಓದಿ ನನಗೇ ನಾಚಿಕೆಯಾಯಿತು. ಸೇವೆಯಲ್ಲಿದ್ದಾಗ ನಾನು ಮಾಡಿದ್ದೂ ಅದೇ. ಮೂರು ತಿಂಗಳು ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಎಲ್ಲವನ್ನೂ ಬಾಯಿಪಾಠ ಮಾಡಿಸುತ್ತಿದ್ದೆ. ತಲೆಯ ಮೇಲೆ ಮೂರು ಬಾರಿ ನೀರು ಹಾಕಿ, ರಿಜಿಸ್ಟರಿನಲ್ಲಿ ಬರೆದು, ಮುಂದಿನ ಹಳ್ಳಿಯ ಬಸ್ ಹಿಡಿಯುತ್ತಿದ್ದೆ. ಆ ರಿಜಿಸ್ಟರನ್ನೇ ಈಗ ಹೊರಗೆ ತೆಗೆಸು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಅಂದರೆ ನಿಮ್ಮ ಊರಿನ ಅತಿ ಹಳೆಯ ಮನೆತನವೂ ಆರೇಳು ತಲೆಮಾರಿನ ಆಚೆ ಹೊಸಬರದೇ. ಒಂದು ಭಾನುವಾರ ಆ ರಿಜಿಸ್ಟರಿನ ಮೊದಲ ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸು. ಹೆಸರು, ತಂದೆಯ ಹೆಸರು, ಕಸುಬು, ಯಾವುದನ್ನೂ ಬಿಡಬೇಡ. ಮುಂದಿನ ಬೆಂಚಿನಲ್ಲಿ ಕೂರುವವರ ಮುತ್ತಜ್ಜನ ಕಸುಬು ಕೇಳಿಸಿದಾಗ ಸ್ವಲ್ಪ ಕೆಮ್ಮು ಏಳುತ್ತದೆ. ಏಳಲಿ.

ಇನ್ನೊಂದು ಮಾತು. ಸಭೆ ಸೇರಿದ ತಪ್ಪಿಗೆ ಬಂಧುಬಳಗ, ಕೆಲಸ ಎಲ್ಲ ಕಳೆದುಕೊಂಡವರಿಗೆ ಪ್ರಸಂಗ ಸಾಲದು ಎಂಬುದು ಮಿಷನ್ನಿನವರಿಗೂ ಬೇಗ ತಿಳಿಯಿತು. ನೇಯ್ಗೆ ಶುರುವಾದದ್ದು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದದ್ದು ಬಹುಪಾಲು ಅದಕ್ಕೇ. ನೀವು ಕಾರ್ಖಾನೆ ಕಟ್ಟಬೇಕಿಲ್ಲ. ಆ ಮನೆಯವರಿಗೆ ಕೂಲಿ ತಪ್ಪಿದೆಯೇ ಎಂದು ವಿಚಾರಿಸಿದರೂ ಸಾಕು.
– ನಿವೃತ್ತ ಸಭಾಪಾಲಕ, ಧಾರವಾಡ

*

ನಾವು ಕಥೋಲಿಕರು, ದೀಕ್ಷಾಸ್ನಾನಕ್ಕೆ ಜ್ಞಾನಸ್ನಾನ ಎನ್ನುತ್ತೇವೆ. ಈಸ್ಟರ್ ಮುನ್ನಾದಿನದ ಪಾಸ್ಖ ಜಾಗರಣೆಯ ರಾತ್ರಿ ವಯಸ್ಕರಿಗೆ ಜ್ಞಾನಸ್ನಾನ, ದೃಢೀಕರಣ (ವಿಶ್ವಾಸವನ್ನು ಗಟ್ಟಿಮಾಡುವ ಸಂಸ್ಕಾರ), ಪರಮಪ್ರಸಾದ (ಪವಿತ್ರ ರೊಟ್ಟಿ) ಮೂರೂ ಒಟ್ಟಿಗೆ ಸಿಗುತ್ತವೆ. ಪ್ರತಿಯೊಬ್ಬರ ಹಿಂದೆ ಜ್ಞಾನಸ್ನಾನದ ತಂದೆಯೋ ತಾಯಿಯೋ ನಿಲ್ಲಬೇಕು. ಸಾಮಾನ್ಯವಾಗಿ ಅವರಿಗೆ ಹದಿನಾರು ತುಂಬಿರಬೇಕು, ದೃಢೀಕರಣವಾಗಿರಬೇಕು. ನಿಯಮ ಇಷ್ಟು. ನಡೆಯುವುದೇನೆಂದರೆ, ಊರಿನ ದೊಡ್ಡ ಮನುಷ್ಯರೊಬ್ಬರು ಫೋಟೊಗೆ ನಿಂತು ಮನೆಗೆ ಹೋಗುತ್ತಾರೆ. ಹಾಗಾಗಿ ನಾನು ದೊಡ್ಡವರನ್ನು ಬಿಟ್ಟು, ಹೊಸ ಮನೆಗೆ ನಡೆದು ಹೋಗುವಷ್ಟು ಹತ್ತಿರವಿರುವವರನ್ನೇ ಆರಿಸುತ್ತೇನೆ. ಉಪ್ಪು, ಬೆಂಕಿಪೊಟ್ಟಣ ಕೇಳಿ ಪಡೆಯುವಷ್ಟು ಹತ್ತಿರ.

ಹೆಸರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಸಬರಿಗೆ ಸಂತರ ಹೆಸರಿಡಲೇಬೇಕೆಂದು ನಮ್ಮಲ್ಲೂ ಹಟ ಹಿಡಿಯುವವರಿದ್ದಾರೆ. 1983ರ ಧರ್ಮಸಭೆಯ ಕಾನೂನು ಕೇಳುವುದು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರು ನಿಮ್ಮ ಬಾಸೆಲ್ ಮಿಷನ್ ಕಡೆಯವರೇ ಅಲ್ಲವೇ? ಹರ್ಮನ್ ಸೇರಿತು, ಆನಂದರಾವ್ ಉಳಿಯಿತು. 'ಹೊಸಬರು' ಎನ್ನುವುದನ್ನು ನಿಲ್ಲಿಸಿ, ತಾಯಿ ಇಟ್ಟ ಹೆಸರಿನಿಂದಲೇ ಅವರನ್ನು ಕರೆಯಿರಿ.
– ಉಪದೇಶಿ, ಕನಕಪುರ ತಾಲ್ಲೂಕು

*

ಕಾನೂನಿನ ಎರಡು ಮಾತು. ಕರ್ನಾಟಕದ 2022ರ ಮತಾಂತರ ಕಾಯ್ದೆಯ ಪ್ರಕಾರ ಧರ್ಮ ಬದಲಿಸುವವರೂ ದೀಕ್ಷೆ ಕೊಡುವವರೂ 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಅದನ್ನು ರದ್ದುಪಡಿಸಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತೆಂದು ಓದಿ ಹಲವರು ನಿಶ್ಚಿಂತರಾಗಿದ್ದಾರೆ. ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ. ಮುಂದಿನ ದೀಕ್ಷಾಸ್ನಾನಕ್ಕೆ ಮೊದಲು ವಕೀಲರೊಬ್ಬರನ್ನು ಕಂಡು ಬನ್ನಿ. ಎರಡನೆಯದು, 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಆ ಮನೆಯವರು ಪರಿಶಿಷ್ಟರಾಗಿದ್ದರೆ ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿಯ ಚಿಂತೆ ಅವರನ್ನು ಕಾಡುತ್ತಿರಬಹುದು. ಕೊನೆಯ ಚಾಪೆ ಅವರೇ ಆರಿಸಿಕೊಂಡದ್ದೂ ಆಗಿರಬಹುದು. ದಯವಿಟ್ಟು ಅವರ ದೀಕ್ಷಾಸ್ನಾನದ ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ.
– ವಕೀಲೆ, ಕಲಬುರಗಿ

*

ಅಕ್ಕಾ, ಹತ್ತೊಂಬತ್ತು ವರ್ಷದ ಹಿಂದೆ ಆ ಕೊನೆಯ ಚಾಪೆಯಲ್ಲಿ ಕೂತಿದ್ದವಳು ನಾನು. ನನ್ನ ಗಂಡ, ನಾನು, ಎರಡು ಮಕ್ಕಳು. ಎಲ್ಲರಿಗೂ ಹಾಡುಗಳು ಬಾಯಿಗೆ ಬರುತ್ತಿದ್ದವು. ನಾನು ಪುಸ್ತಕದಲ್ಲಿ ಹಾಡಿನ ನಂಬರು ಹುಡುಕಿ ಮುಗಿಸುವಷ್ಟರಲ್ಲಿ ಎರಡನೆಯ ಚರಣ ಮುಗಿದಿರುತ್ತಿತ್ತು. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ಮುಂದಿನವರ ಬೆನ್ನು ನೋಡಿಯೇ ಕಲಿತದ್ದು. ಕೊನೆಯ ಚಾಪೆ ಅದಕ್ಕೆ ಅನುಕೂಲ, ಬೆನ್ನುಗಳು ಚೆನ್ನಾಗಿ ಕಾಣುತ್ತವೆ.

ಅದು ನೋವಾಗಲಿಲ್ಲ. ನೋವಾದದ್ದು ಆ ವರ್ಷದ ಸಭೆಯ ಸುಗ್ಗಿ ಹಬ್ಬದಲ್ಲಿ. ಕಾಣಿಕೆಯಾಗಿ ಬಂದ ಜೋಳ, ಕುಂಬಳಕಾಯಿ, ಕೋಳಿಗಳ ಹರಾಜು ನಡೆಯುತ್ತಿತ್ತು. ಅಡುಗೆ ಕಡೆ ಕೈ ಜೋಡಿಸಲು ಹೋದೆ. ಹಿರಿಯರೊಬ್ಬರು ನಗುತ್ತಲೇ, "ನೀನು ಆ ಪಾತ್ರೆ ತೊಳೆ, ಒಲೆಯ ಕಡೆ ನಾವಿದ್ದೇವೆ" ಎಂದರು. ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಕ್ರಿಸ್ತನಲ್ಲಿ ಭೇದವಿಲ್ಲವೆಂದು ಆ ಬೆಳಿಗ್ಗೆ ತಾನೇ ಓದಿದ್ದರು.

ಮೂರು ತಿಂಗಳ ಮೇಲೆ ನಮ್ಮ ಅತ್ತೆ ತೀರಿಕೊಂಡರು. ಅವರು ದೀಕ್ಷಾಸ್ನಾನ ಪಡೆದಿರಲಿಲ್ಲ. ಬಂಧುಗಳು ಬಂದು ಮಣ್ಣು ಮಾಡಿ, ನಮ್ಮ ಮನೆಯಲ್ಲಿ ನೀರೂ ಕುಡಿಯದೆ ಹೋದರು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರು ನೆಂಟರು ಅಡುಗೆ ತರಬೇಕು. ತರುವವರು ಯಾರು? ಮಕ್ಕಳು ಹಸಿದು ಮಲಗಿದ್ದವು. ಕತ್ತಲಾದ ಮೇಲೆ ಬಾಗಿಲು ಬಡಿದದ್ದು ಅದೇ ಹಿರಿಯರು. ಸೊಸೆಯ ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಕೈಯಲ್ಲಿ ಜುಣಕದ ಡಬ್ಬಿ. ಬಂದವರು ನೆಲದ ಮೇಲೆ ಕೂತು, ಮಕ್ಕಳನ್ನು ಎಬ್ಬಿಸಿ ಉಣಿಸಿ, ತಾವೂ ನಮ್ಮ ತಟ್ಟೆಯಲ್ಲೇ ಒಂದು ರೊಟ್ಟಿ ತಿಂದರು. ಮೂರು ದಿನ ಹೀಗೇ ಮನೆಗಳ ಸರದಿ ನಡೆಯಿತು. ಪಾತ್ರೆಯ ಮಾತು ಅವರು ಎತ್ತಲಿಲ್ಲ. ಮರುವರ್ಷದ ಸುಗ್ಗಿ ಹಬ್ಬಕ್ಕೆ ಬದನೆಕಾಯಿ ಎಣಗಾಯಿ ನನ್ನ ಕೈಯದು.

ಸಾವು ಬರುವವರೆಗೆ ನೀವು ಕಾಯಬೇಡಿ, ಅಕ್ಕಾ. ಅವರನ್ನು ಊಟಕ್ಕೆ ಕರೆಯುವುದಕ್ಕಿಂತ ಮೊದಲು ಅವರ ಮನೆಯಲ್ಲಿ ನೀವು ಉಣ್ಣಿ.
– ಗೃಹಿಣಿ, ಗದಗ ಜಿಲ್ಲೆ

*

ಎಲ್ಲರೂ ತುಂಬಾ ದೂರ ಯೋಚಿಸುತ್ತಾರೇನೋ. ಈಸ್ಟರ್ ಆಗಿ ಆರು ತಿಂಗಳೆಂದರೆ ಈಗ ಅಕ್ಟೋಬರ್. ಹಾವೇರಿ ಕಡೆ ಗೋವಿನಜೋಳದ ಕೊಯ್ಲು. ಕೂಲಿಯ ಮನೆಗೆ ಈ ತಿಂಗಳು ಭಾನುವಾರ ಎಂಬುದಿಲ್ಲ. ಎರಡು ವಾರ ಬರಲಿಲ್ಲ ಎಂದು ಪತ್ರಿಕೆಗೆ ಬರೆದಿದ್ದೀರಿ, ಅವರ ಮನೆಗೆ ಹೋಗಿ ಕೇಳಿದಿರಾ? ಹೋಗುವ ಮುಂಚೆ, ಕೊಯ್ಲು ಮುಗಿಯುವವರೆಗೆ ಆರಾಧನೆಯನ್ನು ಸಂಜೆ ಏಳಕ್ಕೆ ಇಡಬಹುದೇ ಎಂದು ಸಮಿತಿಯನ್ನು ಕೇಳಿಕೊಂಡೇ ಹೋಗಿ.
– ರೈತ, ರಾಣೆಬೆನ್ನೂರು ತಾಲ್ಲೂಕು