ಅಮ್ಮನ ಉಯಿಲು ಮತ್ತು ಜಿಪಿಎ ಇವೆ. ಚಿಕಿತ್ಸೆಯ ವಿಚಾರಕ್ಕೆ ಬೇರೆ ಪತ್ರ ಬೇಕೇ?

ಪ್ರಶ್ನೆ:
ನಮ್ಮ ತಾಯಿಯವರು ಆಸ್ತಿಯ ಬಗ್ಗೆ ಉಯಿಲು ಬರೆಸಿ ನೋಂದಣಿ ಮಾಡಿಸಿದ್ದಾರೆ. ಬ್ಯಾಂಕು, ಕಚೇರಿಗಳ ವ್ಯವಹಾರಕ್ಕೆಂದು ನನ್ನ ಹೆಸರಿಗೆ ಜಿಪಿಎಯನ್ನೂ (ಅವರ ಪರವಾಗಿ ವ್ಯವಹರಿಸುವ ಸಾಮಾನ್ಯ ಅಧಿಕಾರ ಪತ್ರ) ಕೊಟ್ಟಿದ್ದಾರೆ. ಗುಣವಾಗುವ ಆಸೆಯೇ ಇಲ್ಲದ ಸ್ಥಿತಿ ಬಂದರೆ ತಮ್ಮನ್ನು ಯಂತ್ರಗಳ ಮೇಲೆ ಇಡಬಾರದೆಂಬುದು ಅವರ ಇಚ್ಛೆ. ಇದನ್ನು ಉಯಿಲಿನಲ್ಲೇ ಸೇರಿಸಿದರೆ ಸಾಕೇ, ಅಥವಾ ಜಿಪಿಎ ಆಧಾರದ ಮೇಲೆ ನಾನು ವೈದ್ಯರಿಗೆ ಹೇಳಬಹುದೇ?

ಉತ್ತರ 1:
ಎರಡೂ ಉಪಯೋಗಕ್ಕೆ ಬರುವುದಿಲ್ಲ. ಉಯಿಲು ಜಾರಿಗೆ ಬರುವುದೇ ಬರೆದವರು ತೀರಿಕೊಂಡ ಮೇಲೆ. ಇನ್ನು ಜಿಪಿಎ, ಭಾರತೀಯ ಕರಾರು ಕಾಯಿದೆಯ 201ನೇ ಕಲಮಿನಂತೆ, ಅದನ್ನು ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದಾಗ ಕೊನೆಗೊಳ್ಳುತ್ತದೆ. ಅಂದರೆ ನಿಮಗೆ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ನಿಮಗೆ ಬೇಕಿರುವುದು ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ಲಿವಿಂಗ್ ವಿಲ್: ತಾವೇ ಹೇಳಲಾಗದ ಸ್ಥಿತಿ ಬಂದಾಗ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಇದಕ್ಕೆ ಮಾನ್ಯತೆ ನೀಡಿತು. ಆಗ ಮ್ಯಾಜಿಸ್ಟ್ರೇಟರ ಮೇಲುಸಹಿ ಕಡ್ಡಾಯವಾಗಿದ್ದುದರಿಂದ ಮಾಡಿಸಿದವರು ವಿರಳ. 2023ರ ಜನವರಿ 24ರ ಆದೇಶ ಅದನ್ನು ಸಡಿಲಿಸಿದ್ದು, ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಾಯಿಯವರ ಮನಸ್ಸು ಸ್ವಸ್ಥವಾಗಿರುವಾಗಲೇ, ಅವರ ಸ್ವಂತ ಇಚ್ಛೆಯಿಂದ ಇದು ಆಗಬೇಕು.

ಉತ್ತರ 2:
ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ‘ನನ್ನನ್ನು ನರಳಿಸಬೇಡಿ’ ಎಂದಷ್ಟೇ ಬರೆದಿದ್ದರೆ ನಮಗೆ ಏನೂ ಮಾಡಲಾಗದು, ಏಕೆಂದರೆ ಅಸ್ಪಷ್ಟವಾದ ನಿರ್ದೇಶನವನ್ನು ವೈದ್ಯಕೀಯ ಮಂಡಳಿ ಜಾರಿಗೊಳಿಸುವಂತಿಲ್ಲ. ನ್ಯುಮೋನಿಯಾ ಬಂದವರನ್ನು ಕೆಲವು ದಿನ ವೆಂಟಿಲೇಟರಿನಲ್ಲಿಟ್ಟು ಚೇತರಿಸಿಕೊಂಡ ಮೇಲೆ ತೆಗೆಯುವುದು ಬೇರೆ, ಮರಳುವ ದಾರಿಯಿಲ್ಲದ ಕಾಯಿಲೆಯಲ್ಲಿ ಅದನ್ನೇ ಮುಂದುವರಿಸುವುದು ಬೇರೆ. ತಾಯಿಯವರು ಬೇಡವೆನ್ನುತ್ತಿರುವುದು ಯಾವುದನ್ನು ಎಂಬುದು ಪತ್ರದಲ್ಲಿ ಕಾಣಬೇಕು. ವೆಂಟಿಲೇಟರ್, ಡಯಾಲಿಸಿಸ್, ಕೊಳವೆಯ ಮೂಲಕ ಆಹಾರ, ಹೃದಯ ನಿಂತಾಗ ಎದೆ ಒತ್ತುವುದು, ಇವನ್ನು ಹೆಸರಿಸಿ ಬರೆಸಿ. ನೋವು ಶಮನದ ಚಿಕಿತ್ಸೆ ಮುಂದುವರಿಯಲಿ ಎಂದೂ ಬರೆದರೆ ಮನೆಯವರ ಅರ್ಧ ಭಯ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ತಾಯಿಯ ಪರವಾಗಿ ಒಪ್ಪಿಗೆ ಕೊಡುವವರೆಂದು ಪತ್ರದಲ್ಲಿ ನನ್ನ ಜೊತೆಗೆ ತಂಗಿಯ ಹೆಸರನ್ನೂ ಸೇರಿಸಬಹುದೇ? ನಮ್ಮಿಬ್ಬರ ಒಪ್ಪಿಗೆ ಸಿಕ್ಕ ಕೂಡಲೇ ಚಿಕಿತ್ಸೆ ನಿಲ್ಲಿಸುತ್ತಾರೆಯೇ?

ಉತ್ತರ 1:
ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು 2023ರ ಆದೇಶ ಅವಕಾಶ ಕೊಡುತ್ತದೆ. ಆದರೆ ತಾಯಿಯ ಎದುರಿನಲ್ಲೇ ಇಬ್ಬರೂ ಕುಳಿತು ಮಾತಾಡದೆ ಹೆಸರು ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಅಣ್ಣತಂಗಿಯರಲ್ಲಿ ಭಿನ್ನಾಭಿಪ್ರಾಯ ಬಂದರೆ ವೈದ್ಯರು ಹಿಂಜರಿಯುವುದು ಸಹಜ. ನಿಲ್ಲಿಸುವ ತೀರ್ಮಾನವಂತೂ ನಿಮ್ಮ ಒಪ್ಪಿಗೆಯೊಂದರಿಂದಲೇ ಆಗುವುದಿಲ್ಲ. ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ ಪರಿಶೀಲಿಸಿ, ಜಿಲ್ಲಾ ಮುಖ್ಯ ವೈದ್ಯಾಧಿಕಾರಿಯವರು ನೇಮಿಸಿದ ವೈದ್ಯರಿರುವ ಎರಡನೆಯ ಮಂಡಳಿಯೂ ಒಪ್ಪಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಗಳಲ್ಲಿ ಅಭಿಪ್ರಾಯ ಕೊಡಬೇಕೆಂದಿದೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಪತ್ರದ ಪ್ರತಿಗಳನ್ನು ನೀವಿಬ್ಬರು, ಕುಟುಂಬದ ವೈದ್ಯರು ಮತ್ತು ಸ್ಥಳೀಯ ಸಂಸ್ಥೆಯ ನಿಯೋಜಿತ ಅಧಿಕಾರಿ ಇಟ್ಟುಕೊಳ್ಳಬೇಕು. ಮುಂದೆ ತಾಯಿ ಮನಸ್ಸು ಬದಲಿಸಿದರೆ ಬರಹದಲ್ಲೇ ರದ್ದುಪಡಿಸಬಹುದು. ಎರಡು ಪತ್ರಗಳಿದ್ದರೆ ಕೊನೆಗೆ ಸಹಿಯಾದದ್ದೇ ಊರ್ಜಿತವಾಗುವುದರಿಂದ ಹಳೆಯ ಪ್ರತಿಗಳನ್ನು ಎಲ್ಲರಿಂದಲೂ ವಾಪಸು ಪಡೆಯಿರಿ.